ಬೀಡಿನ ಡ್ರೈನೇಜ್ ಪೈಪ್ ಕೊಯ್ಯುವುದು: ಕಾರವಾರದ ಒಂದು ಮನೆಯಲ್ಲಿ ಯಾವ ಹತ್ಯಾರ ಎಲ್ಲಿ ನಡೆಯಿತು

ಕೋಡಿಬಾಗದ ಕಡೆಯ ಎರಡಂತಸ್ತಿನ ಹಳೆಯ ಮನೆ. ಮೇಲಿನ ಪಾಯಖಾನೆಯಿಂದ ಹಿಂಗೋಡೆಗುಂಟ ಇಳಿದ 4 ಇಂಚಿನ ಬೀಡಿನ (ಎರಕದ ಕಬ್ಬಿಣದ) ಪೈಪು ಗೋಡೆಯ ಮಗ್ಗುಲಲ್ಲಿ ಉದ್ದಕ್ಕೆ ಸೀಳಿತ್ತು. ಹೊರಗಿನಿಂದ ಕಾಣುವುದು ಗಾರೆಯ ಮೇಲಿನ ಕಪ್ಪು ಕಲೆ ಮಾತ್ರ. ಮೇಲಿನ ಟೀ (ಮೂರು ಬಾಯಿಯ ಕೂಡಿಕೆ) ಗಟ್ಟಿಯಿದೆ, ನೆಲದೊಳಗೆ ಚೇಂಬರಿಗೆ ಹೋಗುವ ತುಂಡೂ ಗಟ್ಟಿಯಿದೆ. ನಡುವಿನ 3 ಮೀಟರ್ ತೆಗೆದು 110 ಮಿ.ಮೀ. ಪಿವಿಸಿ ಕೂರಿಸಬೇಕು.

ಇಂಥ ಕೆಲಸದಲ್ಲಿ ನೀಟಾಗಿ ಬರಬೇಕಾದ ಕೊಯ್ತ ಎರಡೇ: ಮೇಲೊಂದು, ಕೆಳಗೊಂದು. ಹೊಸ ಪೈಪನ್ನು ಹಳೆಯದಕ್ಕೆ ಕೂಡಿಸುವ ರಬ್ಬರ್ ತೋಳು, ಅಂದರೆ ಕಪ್ಲಿಂಗ್, ಕೂರುವುದು ಆ ಎರಡು ತುದಿಗಳ ಮೇಲೆ. ನಡುವಿನದೆಲ್ಲ ಗುಜರಿಗೆ ಹೋಗುವ ಮಾಲು, ಅದನ್ನು ಸುತ್ತಿಗೆಯಿಂದ ಒಡೆದರೂ ಆದೀತು. ಇದು ತಲೆಯಲ್ಲಿದ್ದರೆ ಹತ್ಯಾರದ ಲೆಕ್ಕ ಅರ್ಧ ಇಳಿಯುತ್ತದೆ. ಇಡೀ ಪೈಪನ್ನು ಗ್ರೈಂಡರಿನಿಂದಲೇ ತುಂಡು ತುಂಡು ಮಾಡಲು ಹೋಗುವವರು ಡಿಸ್ಕಿಗೆ ದುಡ್ಡು ಸುರಿದು, ಗೋಡೆಯನ್ನೂ ಕಪ್ಪು ಮಾಡಿಕೊಳ್ಳುತ್ತಾರೆ.

ಹತ್ಯಾರಕ್ಕೂ ಮೊದಲು ಪೈಪ್ ಯಾವುದೆಂದು ಖಾತ್ರಿಯಾಗಬೇಕು. ಕರಾವಳಿಯ ಹಳೆಯ ಮನೆಗಳಲ್ಲಿ ಮಳೆನೀರಿಗೂ ಕೊಳೆನೀರಿಗೂ ಆಸ್ಬೆಸ್ಟಾಸ್ ಸಿಮೆಂಟಿನ ಪೈಪುಗಳನ್ನು ಹಾಕಿದ್ದುಂಟು. ಅದೇ ಬಣ್ಣ ಬಳಿದರೆ ದೂರದಿಂದ ಬೀಡಿನಂತೆಯೇ ಕಾಣುತ್ತದೆ. ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಬೀಡು, ಅಂಟದಿದ್ದರೆ ಗ್ರೈಂಡರ್ ಹತ್ತಿರಕ್ಕೂ ತರಬೇಡಿ, ಆಸ್ಬೆಸ್ಟಾಸ್ ಧೂಳು ಪುಪ್ಪುಸಕ್ಕೆ ಹೊಕ್ಕರೆ ಹೊರಬರುವುದಿಲ್ಲ.

ಆಮೇಲೆ ಸುತ್ತಿಗೆಯ ಪರೀಕ್ಷೆ. ಅರ್ಧ ಕೆಜಿಯ ಸುತ್ತಿಗೆಯಿಂದ ಮೇಲಿನಿಂದ ಕೆಳಗೆ ಮೆಲ್ಲಗೆ ಬಡಿಯುತ್ತ ಬಂದರೆ ಗಟ್ಟಿ ಬೀಡು ಠಣ್ ಎನ್ನುತ್ತದೆ, ಸೀಳಿದ್ದು ಒಡಕು ದನಿ ಕೊಡುತ್ತದೆ, ಕೊಳೆತದ್ದು ದಬ್ ಎಂದು ಸುಮ್ಮನಾಗುತ್ತದೆ. ಉಪ್ಪಿನ ಅಂಶವಿರುವ ಮಣ್ಣಿನಲ್ಲಿ ಬಹುಕಾಲ ಕೂತ ಬೀಡಿಗೆ ಒಂದು ವಿಚಿತ್ರ ರೋಗ ಬರುತ್ತದೆ. ಕಬ್ಬಿಣದ ಅಂಶ ಕರಗಿಹೋಗಿ ಗ್ರಾಫೈಟಿನ ಅಸ್ಥಿಪಂಜರ ಮಾತ್ರ ಅದೇ ಆಕಾರದಲ್ಲಿ ನಿಂತಿರುತ್ತದೆ. ಮೇಲ್ನೋಟಕ್ಕೆ ಪೈಪು ಪೂರ್ತಿ, ಸ್ಕ್ರೂಡ್ರೈವರಿನಿಂದ ಗೀರಿದರೆ ಪೆನ್ಸಿಲ್ ಸೀಸದಂಥ ಕಪ್ಪು ಪುಡಿ. ಅಂಥ ಜಾಗದಲ್ಲಿ ಕೊಯ್ತದ ಗುರುತು ಹಾಕಲೇಬಾರದು. ಗಟ್ಟಿ ಬೀಡು ಸಿಗುವತನಕ ಅಗೆದೋ ಏರಿಯೋ ಮುಂದೆ ಸಾಗಬೇಕು. ಕೋಡಿಬಾಗದ ಪೈಪಿನಲ್ಲಿ ನೆಲಮಟ್ಟದ ಆಸುಪಾಸಿನ ನಾಲ್ಕು ಬೆರಳು ಹೀಗಾಗಿತ್ತು, ಅದಕ್ಕಿಂತ ಕೆಳಗೆ ಠಣ್ ದನಿ. ಹಾಗಾಗಿ ಕೆಳಗಿನ ಕೊಯ್ತ ನೆಲದ ಮೇಲಿನಿಂದ ನೆಲದೊಳಕ್ಕೆ ಇಳಿಯಿತು.

ಘಟ್ಟದ ಮೇಲೆ, ಶಿರಸಿ ಕಡೆ, ಹೆಚ್ಚಾಗಿ ಸಿಗುವ ತೊಂದರೆ ಬೇರೆ. ಅಲ್ಲಿ ಅಂಗಳದಡಿ ಅಡ್ಡ ಮಲಗಿದ ಪೈಪು ನೆತ್ತಿಯಲ್ಲಿ ತೆಳ್ಳಗಾಗಿರುತ್ತದೆ. ಕೊಳೆನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೇಲ್ಭಾಗದ ತೇವದಲ್ಲಿ ಆಮ್ಲವಾಗಿ ಕಬ್ಬಿಣ ತಿನ್ನುತ್ತದೆ, ನೀರು ಹರಿಯುವ ತಳ ಮಾತ್ರ ದಪ್ಪವಾಗಿ ಉಳಿಯುತ್ತದೆ. ನೆತ್ತಿ ಬಡಿದು ಇಡೀ ಪೈಪನ್ನೇ ಕೊಳೆತದ್ದೆಂದು ಬರೆದುಬಿಡಬೇಡಿ, ಮಗ್ಗುಲನ್ನೂ ಬಡಿದು ನೋಡಿ.

ಅಳತೆಗೆ ದಾರವೇ ಸಾಕು. ಪೈಪಿಗೆ ಒಂದು ಸುತ್ತು ಹಾಕಿ ಅಳೆದು 3.14ರಿಂದ ಭಾಗಿಸಿದರೆ ಹೊರವ್ಯಾಸ ಸಿಗುತ್ತದೆ. ಸುತ್ತಳತೆ 345 ಮಿ.ಮೀ. ಬಂದರೆ 110, ಪಿವಿಸಿಗೆ ಸರಿಸಮ. ಹಳೆಯ ಪೈಪುಗಳು ಕೆಲವು ಮಿ.ಮೀ. ದಪ್ಪಗಿರುವುದುಂಟು, ಆಗ ಎರಡೂ ಕಡೆ ಬೇರೆ ಅಳತೆಯ ಕಪ್ಲಿಂಗ್ ಕೇಳಬೇಕಾಗುತ್ತದೆ. ಇದನ್ನು ಕೊಯ್ಯುವ ಮೊದಲೇ ನೋಡಿಕೊಳ್ಳಿ. ಪಾಯಖಾನೆಯ ಪೈಪು ಬಾಯಿ ತೆರೆದು ನಿಂತ ಮೇಲೆ ಹುಬ್ಬಳ್ಳಿಗೋ ಮಡಗಾಂವಿಗೋ ಓಡುವ ಪಾಡು ಬೇಡ. ಪೈಪಿನ ಮೈಯ ದಪ್ಪ 4ರಿಂದ 5 ಮಿ.ಮೀ. ಮರಳಿನ ಅಚ್ಚಿನಲ್ಲಿ ಎರೆದವು (ಭಾರತೀಯ ಮಾನಕ ಐಎಸ್ 1729) ದಪ್ಪ, ತಿರುಗಿಸಿ ಎರೆದವು (ಐಎಸ್ 3989) ಸ್ವಲ್ಪ ತೆಳ್ಳಗೆ, ಸುತ್ತಲೂ ಒಂದೇ ಸಮ. 5 ಮಿ.ಮೀ. ದಪ್ಪದ 4 ಇಂಚಿನ ಪೈಪು ಮೀಟರಿಗೆ ಹೆಚ್ಚುಕಡಿಮೆ 12 ಕೆಜಿ ತೂಗುತ್ತದೆ. 3 ಮೀಟರೆಂದರೆ ಸಾಕೆಟ್ (ಇನ್ನೊಂದು ಪೈಪು ಕೂರುವ ಅಗಲ ಬಾಯಿ) ಬಿಟ್ಟೇ 36 ಕೆಜಿ. ಏಣಿಯ ಮೇಲೆ ನಿಂತವನ ಕೈಗೆ ಅದು ಒಮ್ಮೆಲೇ ಬರಬಾರದು.

ಈಗ ಹತ್ಯಾರ.

ಪುಸ್ತಕದ ಪ್ರಕಾರ ಬೀಡಿನ ಪೈಪಿಗೆ ಮೊದಲ ಹೆಸರು ಚೈನ್ ಕಟರಿನದು. ಸಣ್ಣ ಸಣ್ಣ ಗಟ್ಟಿ ಗಾಲಿಗಳ ಸರಪಳಿಯನ್ನು ಪೈಪಿಗೆ ಸುತ್ತಿ ರ‍್ಯಾಚೆಟ್ ಬಿಗಿಯುತ್ತ ಹೋದರೆ, ಗಾಲಿಗಳು ಸುತ್ತಲೂ ಗೆರೆ ಕೊರೆದು ಒಂದು ಹಂತದಲ್ಲಿ ಪೈಪು ಟಕ್ಕೆಂದು ಎರಡಾಗುತ್ತದೆ. ಕಿಡಿಯಿಲ್ಲ, ಧೂಳಿಲ್ಲ, ಕರೆಂಟೂ ಬೇಡ. ಬೀಡು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಒಳಗಿನ ಗ್ರಾಫೈಟ್ ಪದರುಗಳ ಗುಂಟ ಬಿರುಕು ಓಡುತ್ತದೆ, ಕಟರ್ ನಡೆಯುವುದೇ ಅದರ ಮೇಲೆ. ಆದರೆ ಅದಕ್ಕೆ ಪೈಪು ಸುತ್ತಲೂ ಒಂದೇ ದಪ್ಪ ಇರಬೇಕು. ಉದ್ದಕ್ಕೆ ಸೀಳಿದ, ಒಂದು ಮಗ್ಗುಲು ತಿಂದುಹೋದ ಪೈಪಿಗೆ ಬಿಗಿದರೆ ಬಿರುಕು ಗೆರೆ ಬಿಟ್ಟು ಸೀಳಿನೊಳಕ್ಕೆ ಹರಿಯುತ್ತದೆ, ಇಲ್ಲವೇ ಪೈಪು ಮೊಟ್ಟೆಯ ಚಿಪ್ಪಿನಂತೆ ಒಳಕ್ಕೆ ಕುಸಿಯುತ್ತದೆ. ಸರಪಳಿ ಹಿಂದಿನಿಂದ ತೂರಿಸಲು ಗೋಡೆಗೂ ಪೈಪಿಗೂ ಎರಡು ಇಂಚಾದರೂ ಸಂದು ಬೇಕು, ಕೋಡಿಬಾಗದಲ್ಲಿ ಇದ್ದದ್ದು ಒಂದೇ ಇಂಚು. ನಿಂತ ಪೈಪಿಗೆ ಅದು ಅಲ್ಲಿಗೇ ರದ್ದು. ಸುತ್ತ ಅಗೆದು ಬಿಡಿಸಿದ ಗಟ್ಟಿ ಪೈಪಿಗೆ ಮಾತ್ರ ಅದಕ್ಕಿಂತ ಚೊಕ್ಕ ಕೊಯ್ತ ಇನ್ನೊಂದಿಲ್ಲ. ನಮ್ಮ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅದು ಇಟ್ಟಿರುವುದಿಲ್ಲ, ಒಂದು ಮನೆಯ ಕೆಲಸಕ್ಕೆಂದು ಕೊಳ್ಳುವ ಬೆಲೆಯ ವಸ್ತುವೂ ಅಲ್ಲ. ದೊಡ್ಡ ಪ್ಲಂಬಿಂಗ್ ಗುತ್ತಿಗೆದಾರರ ಬಳಿ ಕೇಳಬೇಕು.

ಹ್ಯಾಕ್ಸಾ ಆದೀತೇ? ಆಗುತ್ತದೆ. 12 ಇಂಚಿನ ಫ್ರೇಮಿಗೆ ಇಂಚಿಗೆ 18 ಹಲ್ಲಿನ ಬ್ಲೇಡು ಹಾಕಿ, ಎಣ್ಣೆ ಬಿಡದೆ ಒಣಗೇ ಕೊಯ್ಯಿರಿ. ಗ್ರಾಫೈಟೇ ಜಾರಿಕೆ ಕೊಡುತ್ತದೆ, ಎಣ್ಣೆ ಬಿಟ್ಟರೆ ಪುಡಿಯೆಲ್ಲ ಕೆಸರಾಗಿ ಹಲ್ಲಿಗೆ ತುಂಬುತ್ತದೆ. 2 ಇಂಚಿನ ಪೈಪಿಗೆ ಇದೇ ಸಾಕು. 4 ಇಂಚಿಗೆ ಭುಜ ಸೋಲುತ್ತದೆ, ಗೋಡೆಯ ಕಡೆಗೆ ಫ್ರೇಮೂ ಹೋಗುವುದಿಲ್ಲ.

ಗ್ರೈಂಡರ್ ಎಲ್ಲರ ಮನೆಯಲ್ಲೂ ಇದೆ, ಅದಕ್ಕೇ ಅದರ ಬಗ್ಗೆ ಹೆಚ್ಚು ಹೇಳಬೇಕು. 4 ಇಂಚಿನದು ಸಾಕು, 5 ಮಿ.ಮೀ. ಬೀಡಿಗೆ ಅದಕ್ಕಿಂತ ಆಳ ಬೇಕಿಲ್ಲ. ಡಿಸ್ಕು 1ರಿಂದ 1.2 ಮಿ.ಮೀ. ದಪ್ಪದ ಮೆಟಲ್ ಕಟಿಂಗ್ ವೀಲ್. 3 ಮಿ.ಮೀ. ದಪ್ಪದ್ದು ಬಾಳುತ್ತದೆ ನಿಜ, ಆದರೆ ಮೂರು ಪಟ್ಟು ಬೀಡನ್ನು ಪುಡಿ ಮಾಡಬೇಕು, ಅಷ್ಟೇ ಬಿಸಿ, ಅಷ್ಟೇ ಧೂಳು. ಟೈಲ್ಸ್ ಕೊಯ್ಯುವ ನುಣುಪು ಅಂಚಿನ ಡೈಮಂಡ್ ಬ್ಲೇಡು ಕಬ್ಬಿಣದ ಮೇಲೆ ಬಿಸಿಯಾಗಿ ಮಿರುಗಿ ಮೊಂಡಾಗುತ್ತದೆ. ಲೋಹಕ್ಕೆಂದೇ ಮಾಡಿದ ಡೈಮಂಡ್ ಡಿಸ್ಕು ಸಿಕ್ಕರೆ ಮಾತ್ರ ತನ್ನಿ, ಅದರ ಗುಣ ಎಂದರೆ ಸವೆದು ಚಿಕ್ಕದಾಗುವುದಿಲ್ಲ, ಸಿಡಿಯುವುದೂ ಕಡಿಮೆ.

ಡಿಸ್ಕಿನ ಮೇಲಿನ ಅಂಕಿ ಓದಿ. 4 ಇಂಚಿನ ಡಿಸ್ಕು ನಿಮಿಷಕ್ಕೆ 15,000 ಸುತ್ತಿಗೂ ಮೇಲೆ ತಾಳುವಂತೆ ಮಾಡಿದ್ದು. 7 ಇಂಚಿನದು ತಾಳುವುದು 8,500ರ ಆಸುಪಾಸು. 4 ಇಂಚಿನ ಗ್ರೈಂಡರ್ ತಿರುಗುವುದು 11,000ರಿಂದ 12,000. ಗಾರ್ಡ್ ಕಳಚಿ ದೊಡ್ಡ ಡಿಸ್ಕು ಕೂರಿಸುವ ಚಾಳಿ ನಮ್ಮಲ್ಲಿ ಬಹಳ. ಅದು ಯಾಕೆ ಸಿಡಿಯುತ್ತದೆ ಎಂಬುದಕ್ಕೆ ಈ ಅಂಕಿಗಳೇ ಉತ್ತರ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವವರಿಗೆ ಹೇಳುವ ಮಾತೇ ಇಲ್ಲ. ಇನ್ನೊಂದು, ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುದ್ರಿಸಿರುತ್ತದೆ. ಉಜ್ಜುವ ಹರಳುಗಳನ್ನು ಹಿಡಿದಿರುವ ರಾಳಕ್ಕೆ ತೇವ ಆಗದು. ಕಾರವಾರದ ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿ ತೂಗುಹಾಕಿದ್ದ ಡಿಸ್ಕನ್ನು ಪೈಪಿಗೆ ಹಿಡಿಯುವುದಕ್ಕಿಂತ ಹೊಸದು ತರುವುದು ಲೇಸು. 4 ಇಂಚಿನ ಪೈಪಿನ ಒಂದು ಸುತ್ತಿಗೆ ಒಂದೆರಡು ಡಿಸ್ಕು ಸವೆಯುತ್ತದೆ. ಅರ್ಧ ಡಜನ್ ತಂದಿಟ್ಟುಕೊಂಡರೆ ಕೆಲಸದ ನಡುವೆ ಪೇಟೆಗೆ ಹೋಗುವುದು ತಪ್ಪುತ್ತದೆ.

ಗ್ರೈಂಡರಿನ ಮಿತಿ ಗೋಡೆಯ ಕಡೆಗಿದೆ. ಮುಂದಿನಿಂದಲೂ ಎರಡು ಮಗ್ಗುಲಿನಿಂದಲೂ ಸುತ್ತಳತೆಯ ಮೂರರಲ್ಲಿ ಎರಡು ಪಾಲು ಸಿಗುತ್ತದೆ, ಹಿಂದಿನ ಒಂದು ಪಾಲು ಸಿಗುವುದಿಲ್ಲ. ಅಲ್ಲಿಗೆ ರೆಸಿಪ್ರೊಕೇಟಿಂಗ್ ಗರಗಸ, ಅಂದರೆ ಬ್ಲೇಡು ಹಿಂದೆ ಮುಂದೆ ಓಡುವ ಯಂತ್ರದ ಗರಗಸ, ಬೇಕು. ಬ್ಲೇಡಿನ ಆಯ್ಕೆಯೇ ಇದರಲ್ಲಿ ಎಲ್ಲ. ಡಬ್ಬಿಯ ಜೊತೆ ಬರುವ ಬೈಮೆಟಲ್ ಬ್ಲೇಡು, ಇಂಚಿಗೆ 14 ಅಥವಾ 18 ಹಲ್ಲಿನದು, ಬೀಡಿನ ಮೇಲೆ ಸ್ವಲ್ಪ ಹೊತ್ತಿನಲ್ಲೇ ಹಲ್ಲು ಕಳೆದುಕೊಂಡು ಉಜ್ಜುತ್ತ ಕೂರುತ್ತದೆ. ಬೇಕಾದದ್ದು ಕಾರ್ಬೈಡ್ ಹಲ್ಲಿನ ಬ್ಲೇಡು, ಇಂಚಿಗೆ 8 ಹಲ್ಲು, 9 ಇಂಚು ಉದ್ದ. ಉದ್ದ ಯಾಕೆಂದರೆ ಪೈಪಿನ 110 ಮಿ.ಮೀ.ಗೆ ಗರಗಸದ ಹೊಡೆತದ 30 ಮಿ.ಮೀ. ಸೇರಬೇಕು, ಬ್ಲೇಡು ಹಿಂದಕ್ಕೆ ಬಂದಾಗಲೂ ತುದಿ ಪೈಪಿನಾಚೆ ಇರಬೇಕು. 6 ಇಂಚಿನದು ಹಿಂದೆ ಬಂದಾಗ ಪೈಪಿನೊಳಗೆ ಸೇರಿ, ಮುಂದೆ ಹೋಗುವಾಗ ಒಳಗೋಡೆಗೆ ಗುದ್ದಿ ಬಾಗುತ್ತದೆ. ವೇಗ ಕಡಿಮೆ, ಒತ್ತು ಜಾಸ್ತಿ, ಗರಗಸದ ಮುಂಗಾಲು ಪೈಪಿಗೆ ಅಂಟಿಯೇ ಇರಬೇಕು. ಟ್ರಿಗರ್ ಪೂರ್ತಿ ಒತ್ತಿದರೆ ಕಾರ್ಬೈಡು ಬೀಡನ್ನು ಕಚ್ಚದೆ ಮೇಲೆ ಕುಣಿದು ಚಿಪ್ಪು ಹಾರುತ್ತದೆ.

ಕೊನೆಗೆ ಚಾಣ ಮತ್ತು ಒಂದು ಕೆಜಿಯ ಸುತ್ತಿಗೆ. ಹಳೆಯ ಪ್ಲಂಬರುಗಳು ಪೈಪನ್ನು ಮರಳಿನ ಗೋಣಿಯ ಮೇಲೆ ಮಲಗಿಸಿ, ಗೆರೆಯ ಗುಂಟ ಚಾಣದಿಂದ ಮೆಲ್ಲಗೆ ಬಡಿಯುತ್ತ ತಿರುಗಿಸುತ್ತ, ಒಂದೊಂದು ಸುತ್ತಿಗೂ ಪೆಟ್ಟು ಏರಿಸುತ್ತ ಒಡೆಯುತ್ತಿದ್ದರು. ಹೊಸ ಪೈಪಿಗೆ ಅದು ಈಗಲೂ ನಡೆಯುವ ವಿದ್ಯೆ. ನಿಂತ ಪೈಪಿಗೆ ಬೇಡ, ಪೆಟ್ಟು ಮೇಲಿನ ಟೀಯ ಸಾಕೆಟ್ಟಿಗೆ ಹೋಗಿ ಅಲ್ಲಿ ಹೊಸ ಸೋರಿಕೆ ಹುಟ್ಟುತ್ತದೆ.

ಕೋಡಿಬಾಗದಲ್ಲಿ ಹೀಗೆ ಹಂಚಿಕೆಯಾಯಿತು: ಮುಂಭಾಗಕ್ಕೆ ಗ್ರೈಂಡರು, ಹಿಂಭಾಗಕ್ಕೆ ಗರಗಸ, ನಡುವಿನ ತುಂಡಿಗೆ ನೆಲಕ್ಕಿಳಿಸಿದ ಮೇಲೆ ಸುತ್ತಿಗೆ.

ತಯಾರಿಯಲ್ಲಿ ಮೊದಲನೆಯದು ನೀರು. ಮೇಲಿನ ಪಾಯಖಾನೆಗೆ ಬೀಗ, ನಾಲ್ಕು ಬಕೆಟ್ ನೀರು ಸುರಿದು ಪೈಪು ತೊಳೆದು ಬಿಡಬೇಕು. ಎರಡನೆಯದು ಗ್ಯಾಸು. ಇಲ್ಲಿನ ಮನೆಗಳ ಪೈಪು ಹೋಗುವುದು ಸೆಪ್ಟಿಕ್ ಟ್ಯಾಂಕಿಗೆ, ಅಲ್ಲಿಂದ ಮೀಥೇನ್ ಹಿಂದಕ್ಕೆ ಬರುತ್ತದೆ. ಚೇಂಬರಿನ ಮುಚ್ಚಳ ತೆಗೆದು, ಟ್ಯಾಂಕಿನ ಕಡೆಯ ಬಾಯಿಗೆ ಒದ್ದೆ ಗೋಣಿ ತುರುಕಿ, ಗಾಳಿಯಾಡಲು ಬಿಟ್ಟ ಮೇಲೆಯೇ ಕಿಡಿಯ ಕೆಲಸ. ಗೋಣಿಗೆ ಹಗ್ಗ ಕಟ್ಟಿ ತುದಿ ಹೊರಗಿಡಿ, ಒಳಗೆ ಜಾರಿಹೋದರೆ ಹೊಸ ಪೈಪಿಗೆ ಮೊದಲ ದಿನವೇ ಕಟ್ಟು.

ಬೀಡಿನ ಕಿಡಿ ಉಕ್ಕಿನದರಷ್ಟು ಉದ್ದ ಹಾರುವುದಿಲ್ಲ, ಮಂಕು ಕೆಂಪು, ಗಿಡ್ಡ. ಆದರೂ ಎರಡು ಮೀಟರ್ ಸುತ್ತ ಏನೂ ಇರಬಾರದು. ಕಾರವಾರದಲ್ಲಿ ಹಿತ್ತಲಲ್ಲಿ ಒಣಹಾಕಿದ ನೈಲಾನ್ ಬಲೆ, ಶಿರಸಿಯಲ್ಲಿ ಬಚ್ಚಲೊಲೆಯ ಕಟ್ಟಿಗೆ, ಅಡಿಕೆ ಸಿಪ್ಪೆ, ಮಳೆಗೆ ಕಟ್ಟಿದ ಸೋಗೆಯ ತಟ್ಟಿ, ಇವೆಲ್ಲ ಮೊದಲು ದೂರ. ಒದ್ದೆ ಗೋಣಿಯನ್ನು ಪೈಪಿನ ಹಿಂದೆ ಗೋಡೆಗೆ ಇಳಿಬಿಟ್ಟರೆ ಗಾರೆಯೂ ಉಳಿಯುತ್ತದೆ. ಬಿದ್ದ ಪುಡಿಯನ್ನು ಅಂದೇ ಗುಡಿಸಿ ತೊಳೆಯಬೇಕು, ಕಡಲಗಾಳಿಗೆ ಬೆಳಗಾಗುವುದರೊಳಗೆ ಸುಣ್ಣದ ಗೋಡೆ, ಟೈಲ್ಸಿನ ಮೇಲೆಲ್ಲ ತುಕ್ಕಿನ ಚುಕ್ಕಿ ಏಳುತ್ತದೆ.

ಕಣ್ಣಿಗೆ ಮುಚ್ಚಿದ ಕನ್ನಡಕ, ಮುಖಕ್ಕೆ ಎನ್-95, ಕೈಗೆ ಬಿಗಿಯಾದ ತೊಗಲಿನ ಗ್ಲೌಸು. ಹೆಗಲ ಮೇಲಿನ ಟವೆಲ್ಲು, ಲುಂಗಿ, ಸಡಿಲ ನೂಲಿನ ಗ್ಲೌಸು ಗ್ರೈಂಡರಿನ ಹತ್ತಿರ ಬೇಡವೇ ಬೇಡ. ಕರೆಂಟು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಮೂಲಕ ಬರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಯ ಈ ಕೆಲಸ ಮುಂದೂಡುವುದು ಜಾಣತನ.

ಇನ್ನು ಆಧಾರ. ಬೀಡಿನ ಪೈಪಿನ ಸಾಕೆಟ್ಟಿಗೆ ಎರಡು ಕಿವಿಗಳಿರುತ್ತವೆ, ಅವಕ್ಕೆ ಮೊಳೆ ಹೊಡೆದು ಗೋಡೆಗೆ ಹಿಡಿಸಿರುತ್ತಾರೆ. ಚಿರೆಕಲ್ಲಿನ ಗೋಡೆಯಲ್ಲಿ ಆ ಮೊಳೆಗಳು ಹೆಸರಿಗಷ್ಟೇ, ಭಾರವೆಲ್ಲ ಕೆಳಗಿನ ಪೈಪಿನ ಮೇಲೆ ಕೂತಿರುತ್ತದೆ. ನಡುವಿನ ಪೈಪು ತೆಗೆದರೆ ಮೇಲಿನ ಟೀ ಸಮೇತ ಕೆಳಗೆ. ಆದ್ದರಿಂದ ಮೇಲಿನ ಕೊಯ್ತಕ್ಕಿಂತ ಒಂದು ಗೇಣು ಮೇಲೆ ಎರಡು ಹೋಳಿನ ಕಬ್ಬಿಣದ ಕ್ಲ್ಯಾಂಪನ್ನು ಬೋಲ್ಟಿನಿಂದ ಬಿಗಿದು, ಅದರ ರೆಕ್ಕೆಗಳನ್ನು ಗೋಡೆಗೆ ಹಿಡಿಸಿದ ಆಂಗಲ್ ಮೇಲೆ ಕೂರಿಸಬೇಕು. ಚಿರೆಕಲ್ಲಿಗೆ ಸಾದಾ ಆಂಕರ್ ಬೋಲ್ಟು ಹಿಡಿಯುವುದಿಲ್ಲ, ಕಲ್ಲು ಪುಡಿಯಾಗಿ ತೂತು ಅಗಲವಾಗುತ್ತದೆ. ತೂತು ಊದಿ ಚೊಕ್ಕ ಮಾಡಿ ಕೆಮಿಕಲ್ ಆಂಕರ್ ಹಾಕಿ, ಇಲ್ಲವೇ ಸಿಮೆಂಟಿನಲ್ಲಿ ಹುಗಿದು ಒಂದು ವಾರ ಬಿಡಿ. ಈ ಕ್ಲ್ಯಾಂಪು ಕೆಲಸ ಮುಗಿದ ಮೇಲೂ ಅಲ್ಲೇ ಇರತಕ್ಕದ್ದು, ಪಿವಿಸಿ ಬೀಡಿನ ಭಾರ ಹೊರುವ ಪೈಪಲ್ಲ.

ಗುರುತು ಹಾಕಲು ದಪ್ಪ ಕಾಗದದ ನೇರ ಪಟ್ಟಿಯನ್ನು ಪೈಪಿಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಅದರ ಗುಂಟ ಸೀಮೆಸುಣ್ಣ ಎಳೆದರೆ ಗೆರೆ ಸೊಟ್ಟಾಗುವುದಿಲ್ಲ. ಮೊದಲು ಮೇಲಿನ ಕೊಯ್ತ. ಕೆಳಗಿನದನ್ನು ಮೊದಲು ಬಿಡಿಸಿದರೆ 36 ಕೆಜಿ ತೂಗಾಡುತ್ತದೆ, ಮೇಲೆ ಡಿಸ್ಕು ಹಿಡಿದಾಗ ಅದು ನಡುಗಿ ಡಿಸ್ಕನ್ನೇ ಮುರಿಯುತ್ತದೆ. ಗ್ರೈಂಡರಿನಿಂದ ಮೊದಲ ಸುತ್ತು ಒಂದು ಮಿ.ಮೀ. ಆಳದ ಕಾಲುವೆ ಮಾತ್ರ. ಎರಡನೆಯ ಸುತ್ತಿಗೆ ಡಿಸ್ಕು ತಾನೇ ದಾರಿ ಹಿಡಿಯುತ್ತದೆ, ಸೊಟ್ಟಾಗಿ ಸಿಲುಕುವುದಿಲ್ಲ. ಒಂದೇ ಜಾಗದಲ್ಲಿ ಪೂರ್ತಿ ಆಳಕ್ಕೆ ಒತ್ತಿದರೆ ಡಿಸ್ಕು ಬಿಸಿಯಾಗಿ ಅಂಚು ಅಲೆಯಾಡುತ್ತದೆ. ಆರುಪಾರಾದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ, ಕಿರ್ ದನಿ ಇಳಿದು ಟೊಳ್ಳಾಗುತ್ತದೆ. ಬೆನ್ನಿಗೇ ಒಳಗಿನ ಹಳೆಯ ಡಾಂಬರಿನ ವಾಸನೆ, ಸಂದಿನಿಂದ ಕಪ್ಪು ನೀರಿನ ಗೆರೆ.

ಮುಂಭಾಗ ಬಿಡಿಸಿದ ಮೇಲೆ ಆ ಸಂದಿಗೆ ಗಟ್ಟಿ ಮರದ ಎರಡು ಬೆಣೆ ಮೆಲ್ಲಗೆ ಕೂರಿಸಿ. ಇಲ್ಲದಿದ್ದರೆ ಮೇಲಿನ ಭಾರ ಇಳಿದು ಬ್ಲೇಡನ್ನು ಹಲ್ಲುಕಚ್ಚಿ ಹಿಡಿಯುತ್ತದೆ. ಆಮೇಲೆ ಗರಗಸವನ್ನು ಎಡಮಗ್ಗುಲಿನಿಂದ ಅದೇ ಸಂದಿಗೆ ತೂರಿಸಿ, ಮೈ ಹೊರಕ್ಕೆ, ಬ್ಲೇಡಿನ ತುದಿ ಗೋಡೆಯತ್ತ ಓರೆ ಮಾಡಿ ಹಿಂದಿನ ಅರ್ಧ, ಹಾಗೇ ಬಲದಿಂದ ಉಳಿದರ್ಧ. ನೇರ ಹಿಡಿದರೆ ಗರಗಸದ ಮೈ ಗೋಡೆಗೆ ತಾಗುತ್ತದೆ, ಕೊಯ್ತ ಮುಗಿಯುವುದಿಲ್ಲ. ಗಾರೆಗೆ ಸ್ವಲ್ಪ ಗೀರು ಬೀಳುವುದು ಖಂಡಿತ, ಒದ್ದೆ ಗೋಣಿಯ ಬದಲು ಅಲ್ಲಿ ತಗಡಿನ ಚೂರು ಇಟ್ಟುಕೊಳ್ಳಿ.

ಗರಗಸ ಸಿಗದವರಿಗೂ ದಾರಿಯಿದೆ. ಗುರುತಿನ ಕೆಳಗೆ ಪೈಪಿನ ಮುಂದಿನ ಅರ್ಧವನ್ನು ಆರೇಳು ಇಂಚು ಎತ್ತರದ ಕಿಟಕಿಯಂತೆ ಕೊಯ್ದು ತೆಗೆದು, ಅದರೊಳಗಿನಿಂದ ಗ್ರೈಂಡರ್ ತೂರಿಸಿ ಪೈಪಿನ ಹಿಂದಿನ ಮಗ್ಗುಲನ್ನು ಒಳಗಿನಿಂದ ಹೊರಕ್ಕೆ ಕೊಯ್ಯಬಹುದು. ನಡೆಯುತ್ತದೆ, ಆದರೆ ಡಿಸ್ಕು ಕಾಣುವುದಿಲ್ಲ, ಕಿಡಿ ಮುಖಕ್ಕೇ ಬರುತ್ತದೆ, ಎರಡು ಗೆರೆ ಹಿಂದೆ ಕೂಡುವುದು ಕೈ ಪಳಗಿದವರಿಗೆ ಮಾತ್ರ.

ಕೆಳಗಿನ ಕೊಯ್ತಕ್ಕೆ ಪೈಪಿನ ಸುತ್ತ ಒಂದಡಿ ಅಗಲ ಅಗೆದಿದ್ದರೆ ಗ್ರೈಂಡರ್ ಸುತ್ತಲೂ ತಿರುಗುತ್ತದೆ. ಇಲ್ಲೇ ಚೈನ್ ಕಟರ್ ಇದ್ದಿದ್ದರೆ ಕೆಲಸ ಹಗುರ. ಶಿರಸಿಯ ಅಡ್ಡ ಪೈಪಿನಂಥದ್ದಾದರೆ ತಳದಲ್ಲೂ ಅರ್ಧ ಅಡಿ ಮಣ್ಣು ತೆಗೆದು, ಕೊಯ್ತದ ಎರಡೂ ಬದಿಗೆ ಕಲ್ಲಿನ ಒತ್ತು ಕೊಡಬೇಕು. ಒತ್ತಿಲ್ಲದ ಪೈಪು ಕೊನೆಯ ಗಳಿಗೆಯಲ್ಲಿ ಬಗ್ಗಿ ಮೇಲಿನ ಸಂದು ಮುಚ್ಚುತ್ತದೆ, ಗ್ರೈಂಡರ್ ಎದೆಗೆ ಒದೆಯುವುದು ಆಗಲೇ. ನಿಂತ ಪೈಪಿನ ತುಂಡಿಗೆ ಮೇಲುಗಡೆ ಹಗ್ಗ ಕಟ್ಟಿ ಒಬ್ಬರು ಹಿಡಿದಿರಲಿ.

ಸಾಕೆಟ್ಟಿನ ಕೂಡಿಕೆಯನ್ನು ಮಾತ್ರ ಗ್ರೈಂಡರಿನಿಂದ ಕೊಯ್ಯಬೇಡಿ. ಒಳಗೆ ಸಣಬು ತುಂಬಿ ಮೇಲೆ 25 ಮಿ.ಮೀ. ಸೀಸ ಎರೆದಿರಬಹುದು, ಅದರ ಧೂಳು ವಿಷ, ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಕೆಟ್ಟದ್ದು. ಹಳೆಯ ಸಾಕೆಟ್ಟೇ ಬೇಕಾದರೆ 6 ಮಿ.ಮೀ. ಬಿಟ್ಟಿನಿಂದ ಸೀಸದ ಸುತ್ತ ತೂತು ಹೊಡೆದು ಸಣ್ಣ ಚಾಣದಿಂದ ಕೀಳಬೇಕು. ಸೀಸ ಕಾಯಿಸಿ ಕರಗಿಸುವ ಸಾಹಸ ಬೇಡ.

ಉಳಿದ ತುದಿಗಳನ್ನು ಅರದಿಂದ ಉಜ್ಜಿ, ಕಪ್ಲಿಂಗ್ ಕೂರುವ ಎರಡು ಇಂಚಿನಷ್ಟು ಜಾಗದ ತುಕ್ಕು, ಬಣ್ಣ, ಎರಕದ ಏಣು ತೆಗೆಯಬೇಕು. ರಬ್ಬರಿನ ಕೆಳಗೆ ಒಂದು ಗೆರೆಯಷ್ಟು ಉಬ್ಬಿದ್ದರೂ ನೀರು ಅದರ ಗುಂಟ ಹಾದಿ ಮಾಡುತ್ತದೆ. ಅಂಚು 3 ಮಿ.ಮೀ. ಸೊಟ್ಟಿದ್ದರೆ ಪರವಾಗಿಲ್ಲ, ಕಪ್ಲಿಂಗ್ ನುಂಗಿಕೊಳ್ಳುತ್ತದೆ. ತುದಿಯಿಂದ ಮೇಲಕ್ಕೆ ಹೋದ ಕೂದಲೆಳೆ ಬಿರುಕು ಇದ್ದರೆ ಬಿರುಕು ಮುಗಿಯುವಲ್ಲಿಗೆ ಇನ್ನೊಂದು ಕೊಯ್ತ ಹಾಕಲೇಬೇಕು. ಸೀಮೆಎಣ್ಣೆ ಸವರಿ ಒರೆಸಿ, ಸೀಮೆಸುಣ್ಣ ಉಜ್ಜಿದರೆ ಅಂಥ ಬಿರುಕು ಒದ್ದೆ ಗೆರೆಯಾಗಿ ಎದ್ದು ಕಾಣುತ್ತದೆ.

ಪಿವಿಸಿಯನ್ನು ಸಂದಿಗಿಂತ 10 ಮಿ.ಮೀ. ಗಿಡ್ಡ ಕೊಯ್ಯಿರಿ. ಬಿಸಿಲಿಗೆ 20 ಡಿಗ್ರಿ ಏರಿದರೆ 3 ಮೀಟರ್ ಪಿವಿಸಿ 4 ಮಿ.ಮೀ.ನಷ್ಟು ಹಿಗ್ಗುತ್ತದೆ. ಕಪ್ಲಿಂಗಿನ ಸ್ಟೀಲ್ ಪಟ್ಟಿಗಳನ್ನು 8 ಮಿ.ಮೀ. ಸಾಕೆಟ್ ಸ್ಪ್ಯಾನರಿನಿಂದ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಕಡಲ ಬದಿಗೆ 316 ದರ್ಜೆಯ ಪಟ್ಟಿ ಸಿಕ್ಕರೆ ಅದೇ ಕೊಳ್ಳಿ. ಗೋಣಿಗಳನ್ನು ಹಗ್ಗ ಹಿಡಿದು ಎಳೆದು ತೆಗೆದು, ಮೇಲಿನಿಂದ ಎರಡು ಬಕೆಟ್ ನೀರನ್ನು ಒಟ್ಟಿಗೇ ಬಿಟ್ಟು, ಕಪ್ಲಿಂಗಿನ ಕೆಳಗೆ ಒಣ ಕಾಗದ ಹಿಡಿದು ನೋಡಬೇಕು. ನೆಲದೊಳಗಿನ ಕಪ್ಲಿಂಗಿಗೆ ಮಣ್ಣು ಮುಚ್ಚುವುದು ಮರುದಿನ, ಪಟ್ಟಿಗಳನ್ನು ಇನ್ನೊಮ್ಮೆ ಬಿಗಿದ ಮೇಲೆ.

ಗುಜರಿಯವರು ಬೀಡಿಗೂ ಸಾದಾ ಕಬ್ಬಿಣಕ್ಕೂ ಬೇರೆ ಬೇರೆ ದರ ಹಾಕುತ್ತಾರೆ, ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಸೀಸ ಸಿಕ್ಕಿದ್ದರೆ ಅದನ್ನು ಬೇರೆ ಡಬ್ಬಿಯಲ್ಲಿ ಕೊಟ್ಟು, ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿ.